ಸಾವಿರ ಚೀಟಿ, ಮೂರು ಚಟ್ನಿ

ಆಗ ನನಗೆ ಅರವತ್ತೇಳು. ಅದಾಗಿ ಮೂರು ವರ್ಷವಾಯಿತು. ಖಾನಾಪುರದ ಹತ್ತಿರದ ಗುಂಜಿ ಊರಲ್ಲಿ ನಾನೂ ನನ್ನ ಸೊಸೆಯೂ ಶೇಂಗಾ, ಗುರೆಳ್ಳು, ಅಗಸಿ ಮೂರು ಬಗೆಯ ಚಟ್ನಿಪುಡಿ ಕುಟ್ಟಿ, ಚೀಲಕ್ಕೆ ತುಂಬಿ ಮಾರುತ್ತಿದ್ದೆವು. ಬೆಳಗಾವಿಯ ಹಿಂದವಾಡಿಯಲ್ಲಿ ಒಬ್ಬಳು ಅಂಗಡಿಯವಳು ತಿಂದು ನೋಡಿ, ರುಚಿ ಅದ ಎಂದಳು. ಅದರ ಹಿಂದೆಯೇ ಶರತ್ತು ಹಾಕಿದಳು.

"ಹೆಸರಿಲ್ಲದ ಚೀಲ ನಾ ಇಡಂಗಿಲ್ಲ ಅಜ್ಜಿ. ಲೇಬಲ್ ಹಚ್ಕೊಂಡು ಮುಂದಿನ ಸೋಮವಾರ ಬರ್ರಿ. ಇಲ್ಲಂದ್ರ ಮಾಲು ಇಡೂ ಈ ಹಲಗಿ ಬ್ಯಾರೆದವರಿಗೆ ಕೊಡ್ತೀನಿ."

ಆ ಹಲಗೆ ಸಿಕ್ಕರೆ ಬುಟ್ಟಿ ಹೊತ್ತು ಮನೆಮನೆ ತಿರುಗುವುದು ತಪ್ಪುತ್ತಿತ್ತು. ನನ್ನ ಮೊಣಕಾಲು ಆಗಲೇ ಕೈಕೊಟ್ಟಿತ್ತು. ಅಲ್ಲಿಂದ ನೇರ ಲೇಬಲ್ ಮುದ್ರಿಸುವವನ ಅಂಗಡಿಗೆ ನಡೆದೆವು.

"ಒಂದು ನಮೂನಿಗೆ ಕಡಿಮಿ ಅಂದ್ರ ಸಾವಿರ ತಗೋಬೇಕ್ರಿ," ಎಂದ ಅವನು. "ಒಂದಕ್ಕ ಒಂದೂವರಿ ರೂಪಾಯಿ."

"ನಮಗ ನೂರು ನೂರು ಸಾಕು."

"ನೂರು ಮಾಡಿದ್ರೂ ಅಚ್ಚಿನ ಪ್ಲೇಟಿನ ಖರ್ಚು ಅಷ್ಟ, ಮಷಿನ್ ಹಚ್ಚೂ ಖರ್ಚು ಅಷ್ಟ. ಆವಾಗ ಒಂದಕ್ಕ ಹನ್ನೆರಡು ರೂಪಾಯಿ ಬೀಳ್ತೈತಿ."

"ಹಂಗಾರ ಚೀಟಿ ಮಾರ್ತೀನಿ, ಚಟ್ನಿ ಪುಕಟ ಕೊಡ್ತೀನಿ."

ಅವನು ನಕ್ಕ. ಬೆಲೆ ಇಳಿಸಲಿಲ್ಲ. ಮೂರು ಚಟ್ನಿಗೆ ಮೂರು ಸಾವಿರ ಚೀಟಿ. ಅಷ್ಟು ಅಂಟಿಸಿ ಮುಗಿಸುವುದರೊಳಗೆ ನಾನೇ ಮುಗಿದಿರುತ್ತೇನೆ. ಕೈಯಲ್ಲಿದ್ದ ದುಡ್ಡು ಒಂದೇ ಸಾವಿರಕ್ಕೆ ಸಾಲುತ್ತಿತ್ತು. ಊರಿಗೆ ಹೋಗುವ ರೈಲು ಹತ್ತಿದೆವು. ಸೊಸೆ ಮುಖ ಊದಿಸಿಕೊಂಡು ಕೂತಳು.

ದೇಸೂರಿನಲ್ಲಿ ಗಾಡಿ ನಿಂತಿತು. ಕಿಟಕಿಯಾಚೆ ಹೊಲದಲ್ಲಿ ಎರಡು ಮೂರು ಮನೆಯ ಕುರಿಗಳು ಒಟ್ಟಿಗೆ ಮೇಯುತ್ತಿದ್ದವು. ಕೆಲವಕ್ಕೆ ಬೆನ್ನ ಮೇಲೆ ಕೆಂಪು ಬಣ್ಣ, ಕೆಲವಕ್ಕೆ ನೀಲಿ, ಕೆಲವಕ್ಕೆ ಹಸಿರು. ನನ್ನ ತವರು ಕುರಿಯವರದೇ. ಹಿಂಡು ಕೂಡಿದಾಗ ಯಾರ ಕುರಿ ಯಾವುದೆಂದು ಜಗಳ ಬರಬಾರದೆಂದು ಅಪ್ಪ ಹೀಗೇ ಬಳಿಯುತ್ತಿದ್ದ. ಎದ್ದು ಬಾಗಿಲ ಕಡೆ ನಡೆದೆ.

"ಅತ್ತಿ, ಇದು ಗುಂಜಿ ಅಲ್ರೀ, ದೇಸೂರು."

"ಗೊತ್ತೈತಿ. ಇಳಿ."

ಬಸ್ಸು ಹಿಡಿದು ತಿರುಗಿ ಬೆಳಗಾವಿಗೆ ಹೋದೆವು. ಮುದ್ರಿಸುವವನು ಶಟರ್ ಎಳೆಯುತ್ತಿದ್ದ.

"ಮೂರು ನಮೂನಿ ಬ್ಯಾಡಪಾ, ಒಂದ ಚೀಟಿ ಮಾಡು," ಎಂದೆ. "ಮೂರೂ ಚಟ್ನಿ ಹೆಸರು ಒಂದರ ಕೆಳಗ ಒಂದು ಬರಲಿ. ಹೆಸರಿನ ಮುಂದ ರೂಪಾಯಿ ಹಂಗ ದುಂಡಗ ಒಂದೊಂದು ಖಾಲಿ ಗುಂಡು ಬಿಡು. ಯಾವುದು ತುಂಬತೀವೋ ಅದರ ಗುಂಡಿಗೆ ನಾವ ಬಣ್ಣ ಹಚ್ಚತೀವಿ. ತಾರೀಖಿಗೂ ಜಾಗ ಬಿಡು, ಸೊಸಿ ಬರೀತಾಳ."

"ಗಿರಾಕಿಗೆ ತಿಳೀತೈತೇನ್ರಿ ಇದು?"

"ನನಗ ಅಕ್ಷರ ಕೂಡಿಸಿ ಓದಾಕ ಅರ್ಧ ದಿನ ಬೇಕು. ನನಗ ತಿಳೀತೈತಿ ಅಂದ್ಮ್ಯಾಲ ಅವರಿಗೂ ತಿಳೀತೈತಿ."

ಅವನು ಶಟರ್ ಮತ್ತೆ ಮೇಲೆತ್ತಿದ. ಸಾವಿರ ಚೀಟಿ, ಒಂದೂವರೆಗೆ ಒಂದು. ನಾಲ್ಕು ದಿನಕ್ಕೆ ಕೊಟ್ಟ.

ಮನೆಯಲ್ಲಿ ನಾನು ಅಪ್ಪನ ಹಾಗೆ ಕಾವಿ ಕಲೆಸಿ ಗುಂಡಿಗೆ ಹಚ್ಚಿದೆ. ಚಟ್ನಿಯ ಎಣ್ಣೆ ಕೈ ತಾಗಿದ್ದೇ ತಡ, ಅಳಿಸಿಹೋಯಿತು.

"ಕುರಿ ಮೈಗೆ ಚಟ್ನಿ ಎಣ್ಣಿ ಹತ್ತಿರಂಗಿಲ್ಲ ಬಿಡ್ರಿ ಅತ್ತಿ," ಎಂದು ಸೊಸೆ ಚುಚ್ಚಿದಳು. ಚುಚ್ಚಿದವಳೇ ಖಾನಾಪುರಕ್ಕೆ ಹೋಗಿ ಅಳಿಸದ ಮಾರ್ಕರ್ ಪೆನ್ನು ತಂದಳು. ಶೇಂಗಾಕ್ಕೆ ಕೆಂಪು, ಗುರೆಳ್ಳಿಗೆ ನೀಲಿ, ಅಗಸಿಗೆ ಹಸಿರು.

ಸೋಮವಾರ ಹಿಂದವಾಡಿಯವಳು ಚೀಲ ಹಿಂದೆಮುಂದೆ ತಿರುಗಿಸಿದಳು. ಹೆಬ್ಬೆರಳಿಂದ ಬಣ್ಣ ಉಜ್ಜಿದಳು. ಅದು ಅಲುಗಲಿಲ್ಲ.

"ಯಾರಿಗೆ ಹೊಳೀತ್ರಿ ಇದು?"

"ನನಗ. ಹಲಗಿ ತೋರಸವ್ವಾ."

ಕಣ್ಣಿಗೆ ನೇರವಾಗಿದ್ದ ಹಲಗೆಯನ್ನೇ ಕೊಟ್ಟಳು. ನನ್ನ ಚೀಲಗಳನ್ನು ನಾನೇ ಜೋಡಿಸಿದೆ, ಇನ್ನೊಬ್ಬರ ಕೈ ಹಚ್ಚಗೊಡಲಿಲ್ಲ. ಬುಟ್ಟಿ ಖಾಲಿ ಮಾಡಿಕೊಂಡು ಮನೆಗೆ ಬಂದು ಕಾಲು ಚಾಚುವಷ್ಟರಲ್ಲಿ ಸೊಸೆಯ ಫೋನು ಬಡಿದುಕೊಂಡಿತು. ಅಂಗಡಿಯವಳೇ.

"ಕೆಂಪಂದು ಎಲ್ಲಾ ಖಾಲಿ ಆತು ನೋಡ್ರಿ. ಮಂದಿ ಹೆಸರ ಕೇಳವಲ್ಲರು, ಕೆಂಪಂದು ಕೊಡ್ರಿ ಅಂತಾರ. ಇನ್ನಷ್ಟು ಕಳಸ್ರಿ."

ಸೊಸೆ ಫೋನು ಇಟ್ಟು ನನ್ನ ಮುಖ ನೋಡಿದಳು. ಗೆದ್ದೆವು, ನೋಡುವುದೇನು ಎಂದೆ.

ಮರುದಿನ ಬೆಳಿಗ್ಗೆ ಎರಡು ಪಟ್ಟು ಶೇಂಗಾ ಹುರಿಯಲು ಇಟ್ಟೆ, ಚೀಲಕ್ಕೆ ಐದು ರೂಪಾಯಿ ಏರಿಸಿದೆ.