ಬಾವಿ ನೀರಿನ ಬೇಳೆ

ಭದ್ರಾ ನಾಲೆ ಹರಿದ ಹೊಸತರಲ್ಲಿ ನಾನು ಓವರ್ಸೀಯರ್. ನಂದಿಗುಡಿ ಕಡೆಯ ಒಂದು ಹಳ್ಳಿಯಿಂದ ಅರ್ಜಿ ಬಂತು. ಗದ್ದೆಗೆ ಬಿಟ್ಟ ನಾಲೆ ನೀರು ಬಸಿದು ಬಾವಿಗಳೇನೋ ತುಂಬಿವೆ, ಆದರೆ ನೆಲದ ಉಪ್ಪೂ ಮೇಲೆದ್ದು ನೀರು ಸವಳಾಗಿದೆ, ಬಸಿಗಾಲುವೆ ತೋಡಿಸಿ ಎಂದು. ನಾನು ಹೋಗಿ ಒಂದು ಬಾವಿಯ ನೀರನ್ನು ಗುಟುಕು ಕುಡಿದು, "ಚೆನ್ನಾಗೇ ಇದೆಯಲ್ಲಮ್ಮ" ಎಂದೆ.

ಬಾವಿಯ ಒಡತಿ ಗೌರಮ್ಮ ನಕ್ಕರು. "ಹೌದೇನ್ರಿ? ಹಂಗಾದ್ರೆ ಉಂಡೇ ಹೋಗ್ರಿ."

ಎರಡು ಒಲೆಯ ಮೇಲೆ ಎರಡು ಗಡಿಗೆ ಏರಿದವು. ಎರಡರಲ್ಲೂ ತೊಗರಿಬೇಳೆ, ಒಂದಕ್ಕೆ ನಾಲೆ ನೀರು, ಇನ್ನೊಂದಕ್ಕೆ ಬಾವಿ ನೀರು. ನಾಲೆ ನೀರಿನ ಬೇಳೆ ಬೇಗ ಬೆಂದು ಸಾರಾಯಿತು. ಮನೆಮಂದಿ ನನ್ನೆದುರೇ ಉಂಡು ಕೈ ತೊಳೆದರು. ಬಾವಿ ನೀರಿನ ಬೇಳೆ ಮಾತ್ರ ಗಡಿಗೆಯಲ್ಲಿ ಇನ್ನೂ ಕುಣಿಯುತ್ತಿತ್ತು. ಹರಿಹರದ ಬಸ್ಸೂ ಹಾರನ್ ಹೊಡೆದು ಹೋಯಿತು.

"ಅಮ್ಮಾ, ಆ ಸಾರೇ ಸ್ವಲ್ಪ..." ಎಂದೆ.

"ಬ್ಯಾಡ್ರಿ. ನಿಮ್ಗೆ ಬಾವಿ ನೀರೇ ಚೆನ್ನಾಗೈತಲ್ಲ?"

ನಾನು ಪುಸ್ತಕ ತೆಗೆದು "ನೀರು ಸವಳು, ಬಸಿಗಾಲುವೆ ಬೇಕು" ಎಂದು ಬರೆದು, ಗಟ್ಟಿಯಾಗಿ ಓದಿದೆ. ಮುಚ್ಚಿಟ್ಟಿದ್ದ ನನ್ನ ಪಾಲಿನ ಅನ್ನ, ಸಾರು ಆಗ ಹೊರಬಂತು. ಹೊರಡುವಾಗ ಗೌರಮ್ಮ ಆ ಬೇಯದ ಬೇಳೆಯನ್ನು ಡಬ್ಬಿಗೆ ತುಂಬಿ ಕೊಟ್ಟರು. "ನಿಮ್ಮ ಇಂಜಿನಿಯರ್‌ಗೂ ತೋರ್ಸ್ರಿ."

ದಾವಣಗೆರೆಯಲ್ಲಿ ಇಂಜಿನಿಯರ್ ಸಾಹೇಬರು, "ನೀರಿನ ಮಾದರಿ ಎಲ್ಲಿ?" ಎಂದರು. ಡಬ್ಬಿ ಮುಂದಿಟ್ಟೆ. ಒಂದು ಕಾಳು ಬಾಯಿಗೆ ಹಾಕಿ ಕಡಿದರು, ದವಡೆ ಹಿಡಿದುಕೊಂಡರು, ಬಸಿಗಾಲುವೆಯ ಕಾಗದಕ್ಕೆ ಸಹಿ ಮಾಡಿದರು.

ಆ ವಾರವೇ ಬಿದ್ದ ಅವರ ಹಲ್ಲು ಮೊದಲೇ ಅಲುಗಾಡುತ್ತಿತ್ತು ಎಂದು ನಾನು ಇಂದಿಗೂ ವಾದಿಸುತ್ತೇನೆ.