ಅಣ್ಣ ಎಂದು ಕರೆದವನ ಹೆಂಡತಿ

ಜೋಥಮ್‌ನ ಕಂದು ಕೋಟಿನ ಮೂರನೆಯ ಗುಂಡಿ ಆ ತಿಂಗಳಲ್ಲಿ ನಾಲ್ಕನೆಯ ಸಲ ಕಿತ್ತುಬಂದಿತ್ತು. ಥಿರ್ಜಾ ಕೋಟನ್ನು ಹೊಲಿಗೆ ಕೋಣೆಯ ಕಿಟಕಿಗೆ ಹಿಡಿದು ನೋಡಿದಳು. ಹಿಂದಿನ ವಾರ ಅವಳೇ ಎರಡೆಳೆ ದಾರ ಹಾಕಿ, ಬುಡಕ್ಕೆ ಆರು ಸುತ್ತು ಸುತ್ತಿ ಬಿಗಿದು ಕಳಿಸಿದ್ದ ಗುಂಡಿ ಅದು. ಎತ್ತು ಕಟ್ಟಿ ಎಳೆದರೂ ಬರಬಾರದು. ಮಿಕ್ಕ ಗುಂಡಿಗಳೆಲ್ಲ ಕಲ್ಲಿನ ಹಾಗಿವೆ. ಇದೊಂದೇ ಯಾಕೆ ಬರುತ್ತದೆ? ಮೊದಲು ಸಿಟ್ಟು ಬಂತು. ಆಮೇಲೆ ಯಾಕೋ ಕಿವಿ ಬಿಸಿಯಾಯಿತು. ಯಾಕೆ ಬಿಸಿಯಾಯಿತು ಎಂದು ಯೋಚಿಸುತ್ತ ಯೋಚಿಸುತ್ತ ಬೆರಳಿಗೆ ಸೂಜಿ ಚುಚ್ಚಿಕೊಂಡಳು.

ನ್ಯೂ ಹ್ಯಾಂಪ್‌ಶೈರ್ ಸೀಮೆಯ ಹಾರ್ವೆಲ್ ಗುಡ್ಡದಲ್ಲಿ, ಶೇಕರರೆಂಬ ಕ್ರೈಸ್ತ ಪಂಗಡದವರಲ್ಲಿ, ಒಬ್ಬೊಬ್ಬ ಅಕ್ಕನಿಗೆ ಒಬ್ಬೊಬ್ಬ ಅಣ್ಣನ ಬಟ್ಟೆಯನ್ನು ಹಂಚಿಕೊಟ್ಟಿರುತ್ತಿದ್ದರು. ಒಗೆದು, ಹರಿದದ್ದನ್ನು ಹೊಲಿದು, ಮಡಿಸಿ ಇಡುವುದು ಅವಳ ಪಾಲಿನ ಸೇವೆ. ಗಂಡಸರು ಹೆಂಗಸರು ಒಂದೇ ದೊಡ್ಡ ಮನೆಯಲ್ಲಿದ್ದರೂ ಬಾಗಿಲು ಬೇರೆ, ಮೆಟ್ಟಿಲು ಬೇರೆ, ಊಟದ ಮೇಜು ಬೇರೆ. ಮದುವೆ ಎಂಬುದು ಲೋಕದವರಿಗೆ. ಇಲ್ಲಿರುವವರೆಲ್ಲ ಒಡಹುಟ್ಟಿದವರು.

ಥಿರ್ಜಾ ಏಳು ವರ್ಷದವಳಿದ್ದಾಗ ವಿಧವೆ ತಾಯಿ ಅವಳ ಕೈ ಹಿಡಿದುಕೊಂಡು ಈ ಗುಡ್ಡ ಹತ್ತಿದ್ದಳು. ಮೂರನೆಯ ದಿನ ಮಗು ಅಂಗಳದ ಆಚೆಯಿಂದ "ಅವ್ವಾ!" ಎಂದು ಕೂಗಿದಾಗ ತಾಯಿ ತಿರುಗಲಿಲ್ಲ. ಸಂಜೆ ಹತ್ತಿರ ಕೂರಿಸಿಕೊಂಡು, "ಇನ್ಮೇಲೆ ನಾನು ನಿಂಗೆ ರೋಡಾ ಅಕ್ಕ ಕಣೇ. ಎಲ್ಲರಿಗೂ ಹೆಂಗೋ ಹಂಗೇ," ಎಂದಳು. ಮಗು ಒಂದು ವಾರ ಯಾರನ್ನೂ ಏನೂ ಎಂದು ಕರೆಯದೆ ಸುಮ್ಮನಿತ್ತು. ಆಮೇಲೆ ಅಕ್ಕ ಎಂದು ಕರೆಯುವುದು ರೂಢಿಯಾಯಿತು. ತಾಯಿ ಸತ್ತಾಗಲೂ "ರೋಡಾ ಅಕ್ಕ ಹೋದಳು" ಎಂದೇ ಅತ್ತಳು.

ಈಗ ಅವಳಿಗೆ ಇಪ್ಪತ್ತಾರು. ಜೋಥಮ್‌ಗೆ ಮೂವತ್ತು. ಹತ್ತೊಂಬತ್ತರಲ್ಲಿ ಹಿಂದೆ ಮುಂದೆ ಯಾರೂ ಇಲ್ಲದವನಾಗಿ ಬಂದವನು, ಬೀಜದ ತೋಟದಲ್ಲಿ ಕೆಲಸ. ಒಳ್ಳೆಯ ಕಂಠ. ಭಾನುವಾರದ ಪ್ರಾರ್ಥನೆಯ ಕುಣಿತದಲ್ಲಿ ಅವನು ಹಾಡು ಎತ್ತಿಕೊಂಡರೆ ಮುದುಕರ ಕಾಲಿಗೂ ಜೀವ ಬರುತ್ತಿತ್ತು.

ವಾರಕ್ಕೆರಡು ಸಲ ಐದಾರು ಅಣ್ಣಂದಿರು, ಅಷ್ಟೇ ಅಕ್ಕಂದಿರು, ನಡುವೆ ಎರಡು ಮಾರು ಬಿಟ್ಟು ಎದುರುಬದುರು ಕುರ್ಚಿ ಹಾಕಿಕೊಂಡು ಒಂದು ಗಂಟೆ ಮಾತಾಡುವ ಪದ್ಧತಿ ಇತ್ತು. ಥಿರ್ಜಾಳ ಎದುರಿಗೆ ಜೋಥಮ್‌ನ ಕುರ್ಚಿ.

"ಈ ಸಲ ಈರುಳ್ಳಿ ಹೆಂಗಿದೆ ಅಣ್ಣ?" ಎಂದಳು ಇವಳು.

"ಗಡ್ಡೆ ಕಟ್ತಿದೆ. ಮಳೆ ಒಂಚೂರು ಕಮ್ಮಿ ಆಗ್ಬೇಕು."

"ನಿನ್ನ ಕೋಟಿನ ಗುಂಡಿ ಏನು ಮಾಡ್ತೀಯ ನೀನು? ಬೇಲಿಗೆ ಸಿಕ್ಕಿಸ್ತೀಯಾ?"

ಅವನು ತೊಡೆಯ ಮೇಲಿನ ಕರ್ಚೀಫನ್ನು ನಾಲ್ಕು ಮಡಿಕೆ ಮಾಡಿ, ಬಿಚ್ಚಿ, ಮತ್ತೆ ಮಾಡಿದ. "ಅದು ತಾನಾಗೇ ಬರುತ್ತೆ," ಎಂದ. ಪಕ್ಕದ ಕುರ್ಚಿಯ ಮುದುಕ, "ದಾರ ಕೆಟ್ಟಿರ್ಬೇಕು," ಎಂದು ತೀರ್ಪು ಕೊಟ್ಟ. ಥಿರ್ಜಾಳಿಗೆ ನಗು ಬಂತು, ಹಿಂದೆಯೇ ಅಳು ಬಂದ ಹಾಗಾಯಿತು. ಇದೆಂಥ ಕಾಯಿಲೆಯೋ ಅವಳಿಗೆ ತಿಳಿಯಲಿಲ್ಲ.

ಮನಸ್ಸಿನಲ್ಲಿದ್ದದ್ದನ್ನು ಹಿರಿಯಮ್ಮನ ಮುಂದೆ ಬಾಯಿಬಿಟ್ಟು ಹೇಳಿಕೊಳ್ಳುವುದು ಅಲ್ಲಿಯ ಕಟ್ಟಳೆ. ಹಿರಿಯಮ್ಮ ಲವೀನಾ ಸಣ್ಣ ಮೈಯ, ನಿಧಾನ ಮಾತಿನ ಹೆಂಗಸು. ಥಿರ್ಜಾ ಹೋಗಿ ಕೂತಳು.

"ಏನು ತಪ್ಪು ಮಾಡ್ದೆ ಮಗಳೇ?"

"ಗೊತ್ತಿಲ್ಲ ಹಿರಿಯಮ್ಮ."

"ಗೊತ್ತಿಲ್ದೇ ಬಂದ್ಯಾ?"

"ಜೋಥಮ್ ಅಣ್ಣನ ಕೋಟಿನ ಗುಂಡಿ ಕಿತ್ತು ಬರ್ತಿದೆ."

"ಕೋಟು ಅವನದು, ಕಿತ್ತವನೂ ಅವನೇ. ಇದ್ರಲ್ಲಿ ನಿಂದೇನಿದೆ?"

"ಬಟ್ಟೆ ಬರೋ ಶನಿವಾರ ಅದು ಕಿತ್ತಿರ್ಲಿ ಅನ್ಸುತ್ತೆ. ಕಿತ್ತಿಲ್ದಿದ್ರೆ ಇಡೀ ದಿನ ಬೇಜಾರು."

ಲವೀನಾ ಕುರ್ಚಿ ಹತ್ತಿರ ಎಳೆದುಕೊಂಡಳು. "ಜ್ವರ ಇದ್ಯಾ?"

"ಇಲ್ಲ."

"ಊಟ ಸೇರುತ್ತಾ?"

"ಜಾಸ್ತೀನೇ ಸೇರ್ತಿದೆ."

ಬೈಗುಳ ಬೀಳುತ್ತದೆ ಎಂದು ಥಿರ್ಜಾ ತಲೆ ತಗ್ಗಿಸಿದ್ದಳು. ಬೀಳಲಿಲ್ಲ. ಹಿರಿಯಮ್ಮ ಅವಳ ಟೋಪಿಯ ದಾರ ಸರಿಮಾಡಿ, "ಅವನ ಬಟ್ಟೆ ಇನ್ಮೇಲೆ ಕೆಟೂರಾ ನೋಡ್ಕೊಳ್ತಾಳೆ. ನೀನು ಸೇಬಿನ ಕೋಣೆಗೆ ಹೋಗು," ಎಂದಳು. ಅಷ್ಟೇ. ಎದುರುಬದುರು ಕೂರುವ ಕುರ್ಚಿಯೂ ಬದಲಾಯಿತು. ಅದು ಶಿಕ್ಷೆಯೋ ಕರುಣೆಯೋ ಥಿರ್ಜಾಳಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ.

ಕೆಟೂರಾಳಿಗೆ ಎಪ್ಪತ್ತೆರಡು. ಕಿವಿ ಮಂದ, ನಾಲಿಗೆ ಚುರುಕು. ಎರಡು ತಿಂಗಳಾದ ಮೇಲೆ ಸೇಬು ಹೆಚ್ಚುತ್ತಿದ್ದವಳ ಪಕ್ಕಕ್ಕೆ ಬಂದು ಕೂತು, "ನಿನ್ನ ಹೊಲಿಗೆ ಎಂಥದ್ದೇ? ನನ್ನ ಕೈಗೆ ಬಂದ್ಮೇಲೆ ಒಂದು ಗುಂಡೀನೂ ಬಿದ್ದಿಲ್ಲ!" ಎಂದಳು. ಥಿರ್ಜಾಳ ಕೈಯಲ್ಲಿ ಚಾಕು ನಿಂತಿತು. ಹಾಗಾದರೆ ಅವನೇ ಕೀಳುತ್ತಿದ್ದ. ಬೇಕೆಂದೇ ಕೀಳುತ್ತಿದ್ದ. ಅವಳ ಮೈಯೆಲ್ಲ ಸಂತೋಷವಾಯಿತು, ಅದೇ ಗಳಿಗೆಯಲ್ಲಿ ಹೆದರಿಕೆಯೂ ಆಯಿತು. ಸಂತೋಷ ಯಾವುದು ಹೆದರಿಕೆ ಯಾವುದು ಎಂದು ಬೇರೆ ಮಾಡಲಾಗದೆ ಬುಟ್ಟಿ ತುಂಬ ಸೇಬನ್ನು ಸಿಪ್ಪೆ ಸಮೇತ ಹೆಚ್ಚಿ ಹಾಕಿದಳು.

ಏಪ್ರಿಲ್ ತಿಂಗಳಲ್ಲಿ ಕೆಟೂರಾ ಮತ್ತೆ ಬಂದಳು. ಸುತ್ತ ನೋಡಿ, ಮಡಿಲಿನಿಂದ ಬೀಜದ ಪೊಟ್ಟಣದ ಒಂದು ಕಾಗದ ತೆಗೆದಳು.

"ಇದು ಅವನ ವೇಸ್ಟ್‌ಕೋಟಿನ ಅಸ್ತರಿನಲ್ಲಿತ್ತು. ಓದು."

ಪೆನ್ಸಿಲ್ಲಿನಲ್ಲಿ ಬರೆದಿತ್ತು: ಗುರುವಾರ ಹತ್ತು ಗಂಟೆಗೆ ಕಲ್ಲುಸೇತುವೆ ಹತ್ತಿರ ಇರ್ತೀನಿ. ನಾನು ಹೋಗ್ತಿದ್ದೀನಿ. ಬರ್ತೀಯಾ?

"ನಂಗೆ ಬರ್ದಿದ್ದೋ ನಿಂಗೆ ಬರ್ದಿದ್ದೋ?" ಎಂದಳು ಮುದುಕಿ. "ನಂಗಾದ್ರೆ ಮಂಡಿ ನೋವು, ಸೇತುವೆವರೆಗೂ ನಡ್ಯಕ್ಕಾಗಲ್ಲ ಅಂತ ಹೇಳ್ಬೇಕು."

"ಅಕ್ಕ, ಹಿರಿಯಮ್ಮನಿಗೆ ಹೇಳ್ತೀಯಾ?"

"ಏನಂದೆ? ಕೇಳಿಸ್ಲಿಲ್ಲ." ಕಾಗದವನ್ನು ಅವಳ ಮಡಿಲಿಗೆ ಹಾಕಿ ಎದ್ದುಹೋದಳು. ಐವತ್ತು ವರ್ಷ ಒಂದು ಕಟ್ಟಳೆಯನ್ನೂ ಮೀರದವಳು ಇದೊಂದನ್ನು ಯಾಕೆ ಮೀರಿದಳೋ, ಕೇಳಲು ಧೈರ್ಯ ಬರಲಿಲ್ಲ.

ಮೂರು ದಿನ ಥಿರ್ಜಾ ಹೋಗುವುದಿಲ್ಲ ಎಂದು ನಿರ್ಧರಿಸಿದಳು. ಗುರುವಾರ ಬೆಳಿಗ್ಗೆ ಹಾಸಿಗೆ ಸರಿಮಾಡಿದಳು, ನೆಲ ಗುಡಿಸಿದಳು, ಸೇಬಿನ ಕೋಣೆಗೆಂದು ಹೊರಟಳು. ಕಾಲು ಇನ್ನೊಂದು ದಾರಿ ಹಿಡಿಯಿತು. ಸೇತುವೆಯ ಮೇಲೆ ಜೋಥಮ್ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಇಬ್ಬರೂ ಇಷ್ಟು ಹತ್ತಿರ ಎಂದೂ ನಿಂತವರಲ್ಲ.

"ಬಂದ್ಯಾ," ಎಂದ.

"ಬಂದ್ನೋ ಏನೋ," ಎಂದಳು.

ಡನ್‌ಫೋರ್ಡ್ ಪೇಟೆಯಲ್ಲಿ ಒಬ್ಬ ನ್ಯಾಯಾಧಿಕಾರಿಯ ಮುಂದೆ ಮದುವೆಯಾಯಿತು. ಜೋಥಮ್‌ಗೆ ಪಾದರಕ್ಷೆ ಹೊಲಿಯುವ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಟ್ರೆಡ್‌ವೆಲ್ ಎಂಬ ವಿಧವೆಯ ಮನೆಯ ಮಹಡಿಯಲ್ಲಿ ಒಂದು ಕೋಣೆ. ಎರಡನೆಯ ದಿನವೇ ಎಡವಟ್ಟಾಯಿತು. ಥಿರ್ಜಾ ಮೆಟ್ಟಿಲ ತುದಿಯಿಂದ, "ಅಣ್ಣ, ಊಟಕ್ಕೆ ಬಾ!" ಎಂದು ಕೂಗಿದಳು. ಕೆಳಗೆ ಟ್ರೆಡ್‌ವೆಲ್ ಕೈಲಿದ್ದ ತಟ್ಟೆ ಹಾಗೇ ಹಿಡಿದು ನಿಂತುಬಿಟ್ಟಳು.

"ಏನಂದ್ಯಮ್ಮಾ? ಅಣ್ಣನಾ?"

"ಅಲ್ಲ, ಗಂಡ."

"ಮತ್ತೆ ಅಣ್ಣ ಅಂದೆ?"

"ಮೊದ್ಲು ಅಣ್ಣ ಆಗಿದ್ದ."

ಮದುವೆಯ ಕಾಗದ ತೋರಿಸಿದ ಮೇಲೆಯೇ ಆಕೆಗೆ ಸಮಾಧಾನವಾದದ್ದು. ಆಮೇಲೆ ವಿಷಯ ತಿಳಿದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಥಿರ್ಜಾ ನಗಲಿಲ್ಲ. ಏಳರಲ್ಲಿ ಅವ್ವನನ್ನು ಅಕ್ಕ ಎನ್ನಲು ಕಲಿತವಳು, ಇಪ್ಪತ್ತೇಳರಲ್ಲಿ ಅಣ್ಣನನ್ನು ಗಂಡ ಎನ್ನಲು ಕಲಿಯಬೇಕಾಗಿತ್ತು. ಹೆಸರು ಹಿಡಿದು ಕರೆಯಲು ನಾಲಿಗೆ ಏಳದು. ಒಂದು ತಿಂಗಳು "ಇಲ್ನೋಡು", "ಕೇಳಿಸ್ತಾ" ಎಂದೇ ಸಂಸಾರ ನಡೆಯಿತು. ಅವನಾದರೂ ಅಷ್ಟೆ. ಗುಡ್ಡದ ರೂಢಿಯಂತೆ ಊಟಕ್ಕೆ ಮೊದಲು ಮಂಡಿಯೂರುತ್ತಿದ್ದ, ಊಟದ ನಡುವೆ ತುಟಿ ಬಿಚ್ಚುತ್ತಿರಲಿಲ್ಲ, ಅವಳ ಕೈ ತಾಗಿದರೆ ಸುಟ್ಟವನ ಹಾಗೆ ಹಿಂದಕ್ಕೆ ಸರಿದು, ಆಮೇಲೆ ತಾನೇ ನಾಚಿಕೊಂಡು ಕೈ ಹಿಡಿದುಕೊಳ್ಳುತ್ತಿದ್ದ. ಎದುರುಬದುರು ಕೂತು ಈರುಳ್ಳಿಯ ಮಾತಾಡಿದಾಗ ಮಾತ್ರ ಇಬ್ಬರಿಗೂ ಸಲೀಸು. ಆದರೆ ಅಲ್ಲಿ ಈರುಳ್ಳಿ ಬೆಳೆ ಇರಲಿಲ್ಲ.

ಬರಬರುತ್ತ ಯಾರೂ ಎಣಿಸದ ಹಾಗೆ ಆಯಿತು. ಓಡಿಹೋಗೋಣ ಎಂದವನು ಅವನು, ಲೋಕ ಹಿಡಿಸಿದ್ದು ಅವಳಿಗೆ. ಬೀದಿಯ ಗಲಾಟೆ, ಮೊಣಕೈಯುದ್ದದ ಕನ್ನಡಿ, ಮನಸ್ಸಾದಾಗ ಒಲೆ ಹಚ್ಚಿ ಮನಸ್ಸಾದದ್ದನ್ನು ಬೇಯಿಸುವುದು. ಒಂದು ಕೆಂಪು ಶಾಲು ಕೊಂಡಳು. ಅವನು ಅದನ್ನು ನೋಡಿ "ಚೆನ್ನಾಗಿದೆ" ಎಂದು ಗೋಡೆ ಕಡೆ ತಿರುಗಿದ. ಅವನು ಹಾಡುವುದೇ ನಿಂತುಹೋಗಿತ್ತು. ಒಬ್ಬನೇ ಹಾಡಲು ಶುರುಮಾಡಿದರೆ ನೂರು ದನಿ ಎತ್ತಿಕೊಳ್ಳುವ ಜಾಗಕ್ಕೆ ಬಂದು ಕಾದು, ಯಾರೂ ಎತ್ತಿಕೊಳ್ಳದೆ ನಿಲ್ಲಿಸಿಬಿಡುತ್ತಿದ್ದ.

ಎರಡನೆಯ ವರ್ಷ ಚಳಿಗಾಲ ಶುರುವಾದಾಗ ಹೇಳಿದ. "ಥಿರ್ಜಾ, ನಾನು ವಾಪಸ್ ಹೋಗ್ತೀನಿ. ನೀನೂ ಬಾ."

"ಬಂದು?"

"ಒಂದೇ ಮನೇಲಿರ್ತೀವಿ. ದಿನಾ ನೋಡ್ಬಹುದು."

"ಇಲ್ಲಿ ದಿನಾ ನೋಡ್ತಾನೇ ಇದ್ದೀಯಲ್ಲ."

"ಇಲ್ಲಿ ನೋಡಿದ್ರೆ ತಪ್ಪು ಮಾಡ್ದಂಗಾಗುತ್ತೆ."

"ಅಲ್ಲಿ ನೋಡಿದ್ರೂ ತಪ್ಪೇ ಅಲ್ವಾ? ಗುಂಡಿ ಕಿತ್ತವನು ನೀನಲ್ವಾ?"

ಅವನು ಅಳತೊಡಗಿದ. ಅವಳಿಗೆ ಕೋಪ ಬರಬೇಕಿತ್ತು, ಬರಲಿಲ್ಲ. ತಲೆ ಸವರಿದಳು. ಅವ್ವ ಸವರಿದ ಹಾಗೋ, ಹೆಂಡತಿ ಸವರಿದ ಹಾಗೋ, ಅಕ್ಕ ಸವರಿದ ಹಾಗೋ ಎಂಬ ಯೋಚನೆ ಆಗಲೂ ಬಂತು. "ನಂಗೆ ಬರಕ್ಕಾಗಲ್ಲ. ಹೋಗು," ಎಂದಳು. ಅವನು ಹೋಗುವ ಬೆಳಿಗ್ಗೆ ಬುತ್ತಿಗೆ ಕಂದು ರೊಟ್ಟಿ, ಬೇಯಿಸಿದ ಹುರುಳಿಕಾಯಿ ಬೀಜ ಕಟ್ಟಿಕೊಟ್ಟಳು. ತಿರುವಿನಲ್ಲಿ ಅವನು ಕಾಣದಾದ ಮೇಲೆಯೂ ಬಹಳ ಹೊತ್ತು ನಿಂತಿದ್ದಳು. ತಾನು ಅವನನ್ನು ಬಿಟ್ಟದ್ದೋ, ಅವನು ತನ್ನನ್ನು ಬಿಟ್ಟದ್ದೋ ಎಂದು ತಿಳಿಯದೆ.

ಟ್ರೆಡ್‌ವೆಲ್ ಕುದಿದುಹೋದಳು. "ನಮ್ಮ ಸೀಮೆ ಕಾನೂನು ಗೊತ್ತಾ ನಿಂಗೆ? ಗಂಡ ಶೇಕರರ ಜೊತೆ ಸೇರ್ಕೊಂಡು ಮೂರು ವರ್ಷ ಬರ್ಲಿಲ್ಲ ಅಂದ್ರೆ ಕೋರ್ಟು ಬಿಡುಗಡೆ ಕೊಡುತ್ತೆ. ಇನ್ನೊಬ್ಬನ್ನ ಕಟ್ಕೋ. ಅಣ್ಣ ಅಂತ ಮಾತ್ರ ಕರೀಬೇಡ."

ಮೂರು ವರ್ಷವಾಯಿತು. ಥಿರ್ಜಾ ಕೋರ್ಟಿಗೆ ಹೋಗಲಿಲ್ಲ. ಹೊಲಿಗೆ ಹಿಡಿದಳು, ಊರಲ್ಲಿ ಒಳ್ಳೆಯ ಹೆಸರಾಯಿತು, ಕೆಳಗಿನ ಎರಡು ಕೋಣೆ ಬಾಡಿಗೆಗೆ ಹಿಡಿದಳು. ನಾಲ್ಕನೆಯ ವರ್ಷದ ಮಾರ್ಚ್‌ನಲ್ಲಿ ಶೇಕರರ ಬೀಜದ ಬಂಡಿ ಅವಳ ಬಾಗಿಲಲ್ಲಿ ನಿಂತಿತು. ಲಗಾಮು ಹಿಡಿದವನು ಜೋಥಮ್. ಪಕ್ಕದಲ್ಲಿ ಕಾವಲಿಗೆಂಬಂತೆ ಒಬ್ಬ ಹಿರಿಯ ಅಣ್ಣ, ತೂಕಡಿಸುತ್ತಿದ್ದ.

"ಬೀಜ ಬೇಕಾ?" ಎಂದ ಜೋಥಮ್.

"ಏನೇನಿದೆ?"

"ಹುರುಳಿಕಾಯಿ, ಎಲೆಕೋಸು, ಬೀಟ್‌ರೂಟು. ಈರುಳ್ಳಿ ನಾನೇ ಬೆಳ್ದಿದ್ದು."

ಅವಳಿಗೆ ಅಂಗೈಯಗಲ ನೆಲವಿರಲಿಲ್ಲ. ನಾಲ್ಕು ಬಗೆಯನ್ನೂ ಕೊಂಡಳು. ಬಂಡಿ ಹೋದ ಮೇಲೆ ಟ್ರೆಡ್‌ವೆಲ್‌ಳನ್ನು ಕಾಡಿ ಬೇಡಿ ಹಿತ್ತಲಿನ ಒಂದು ಪಟ್ಟಿ ಅಗೆಯಲು ಒಪ್ಪಿಸಿದಳು. ಮರುವರ್ಷ ಅವನು ಬಂದು, "ಈರುಳ್ಳಿ ಹೆಂಗೆ ಬಂತು?" ಎಂದು ಕೇಳಿದ. "ತೀರಾ ಆಳ ಹಾಕ್ಬಿಟ್ಟೆ," ಎಂದಳು. ಅವನು ಬಂಡಿಯಿಂದ ಇಳಿದು, ಬೆರಳಿನ ಒಂದು ಗೆಣ್ಣು ತೋರಿಸಿ, "ಇಷ್ಟೇ," ಎಂದ.

ಹೀಗೆ ಹದಿಮೂರು ವಸಂತ. ವರ್ಷಕ್ಕೊಮ್ಮೆ ಕಾಲು ಗಂಟೆ. ಅವನ ಕೂದಲು ನೆರೆಯಿತು, ಅವಳಿಗೆ ಕನ್ನಡಕ ಬಂತು. ಕೆಟೂರಾ ಸತ್ತಳು, ಹಿರಿಯಮ್ಮನಿಗೆ ಕಣ್ಣು ಹೋಯಿತು, ಗುಡ್ಡದಲ್ಲಿ ಹಾಡುವವರು ಕಮ್ಮಿಯಾದರು. ಎಲ್ಲ ಸುದ್ದಿಯೂ ಅವಳಿಗೆ ಮಾರ್ಚ್‌ನಲ್ಲೇ ಗೊತ್ತಾಗುವುದು. ಒಂದು ವರ್ಷ ಕಾವಲಿನವನು ಗಾಢ ನಿದ್ದೆಯಲ್ಲಿದ್ದಾಗ ಥಿರ್ಜಾ ಕೇಳಿದಳು, "ಖುಷಿಯಾಗಿದ್ದೀಯಾ ಅಲ್ಲಿ?"

ಅವನು ಪೊಟ್ಟಣಗಳನ್ನು ಸಾಲಾಗಿ ಜೋಡಿಸಿದ. "ಫೆಬ್ರವರಿ ಬಂದ್ರೆ ಬೀಜ ಕಟ್ತಾ ಖುಷಿಯಾಗಿರ್ತೀನಿ. ಏಪ್ರಿಲ್‌ನಲ್ಲಿ ಪ್ರಾರ್ಥನೆ ಜಾಸ್ತಿ ಮಾಡ್ಬೇಕಾಗುತ್ತೆ." ಆಮೇಲೆ, "ನೀನು?"

"ಹಂಗೇ ಇರ್ಬೇಕು," ಎಂದಳು.

ಹದಿನಾಲ್ಕನೆಯ ವಸಂತಕ್ಕೆ ಬೇರೆ ಯಾರೋ ಬಂದರು. ಜೋಥಮ್ ಅಣ್ಣ ಜನವರಿಯಲ್ಲಿ ಎದೆಯ ಜ್ವರದಲ್ಲಿ ಹೋದ ಎಂದರು. ಮಣ್ಣಾಗಿ ಎರಡು ತಿಂಗಳು. ಅವಳು ಬೀಜ ಕೊಂಡಳು. ಒಳಗೆ ಬಂದು ಕೂತರೆ ಅಳು ಬರಲಿಲ್ಲ. ಮೇ ತಿಂಗಳಲ್ಲಿ ಒಂದು ದಿನ ಕಳೆ ಕೀಳುತ್ತಿದ್ದಾಗ ಬಂತು, ಏಳಲು ಆಗದಷ್ಟು ಬಂತು.

ಸಾವಿರದೆಂಟುನೂರ ಎಂಬತ್ತನೆಯ ಇಸವಿಯಲ್ಲಿ ಜನಗಣತಿಯವನು ಬಾಗಿಲಿಗೆ ಬಂದ. ಹೆಸರು, ವಯಸ್ಸು, ಕಸುಬು ಬರೆದುಕೊಂಡ. "ಮದುವೆ ಆಗಿದ್ಯಾ, ಆಗಿಲ್ವಾ, ಗಂಡ ತೀರ್ಕೊಂಡಿದ್ದಾರಾ, ಬಿಡುಗಡೆ ಆಗಿದ್ಯಾ? ನಾಲ್ಕರಲ್ಲಿ ಒಂದು ಹೇಳಿ ಅಮ್ಮ."

"ಆಗಿತ್ತು. ಅವನು ವಾಪಸ್ ಹೋದ. ಅಲ್ಲಿ ಮದುವೆ ಇಲ್ಲ. ಆಮೇಲೆ ತೀರ್ಕೊಂಡ."

"ಹಂಗಾದ್ರೆ ವಿಧವೆ?"

"ಸತ್ತಾಗ ಅವರು ನಂಗೆ ಹೇಳಿಕಳಿಸ್ಲಿಲ್ಲ. ವಿಧವೆಗಾದ್ರೆ ಹೇಳಿಕಳಿಸ್ತಾರೆ."

"ಅಮ್ಮಾ, ಇನ್ನೂ ನಲವತ್ತು ಮನೆ ಇದೆ ನಂಗೆ."

"ನಿಂಗೆ ಯಾವ್ದು ಸರಿ ಅನ್ಸುತ್ತೋ ಅದನ್ನ ಬರ್ಕೋಪ್ಪ."

ಅವನು ಏನೋ ಒಂದನ್ನು ಬರೆದ. ಅವನ ತೋಳು ಅಡ್ಡವಾಗಿ ಅವಳಿಗೆ ಕಾಣಲಿಲ್ಲ. ಕೇಳೋಣವೆಂದುಕೊಳ್ಳುವಷ್ಟರಲ್ಲಿ ಅವನು ಟೋಪಿ ಮುಟ್ಟಿ ಪಕ್ಕದ ಮನೆಯ ಬಾಗಿಲು ತಟ್ಟುತ್ತಿದ್ದ.