ಪಾರ್ಸೆಲ್ ಕಾಗದದ ಮೇಲೆ ಪೂರ್ವದ ಮೋಡ

ಶನಿವಾರ ಬೆಳಿಗ್ಗೆ ಏಳೂವರೆಗೆ ಕಲ್ಯಾಣ ನಿಲ್ದಾಣದ ಟಿಕೆಟ್ ಕಿಟಕಿಯ ಬಳಿ ಹದಿನಾಲ್ಕು ಮಕ್ಕಳು ಸೇರಬೇಕಾಗಿತ್ತು. ಹದಿಮೂರು ಮಂದಿ ಬಂದಿದ್ದರು. ಬಾರದವಳು ವಿನಯಾ. ಉಳಿದವರನ್ನು ಎರಡು ಸಾಲಾಗಿ ನಿಲ್ಲಿಸಿ, ಟಿಕೆಟ್ ಕೂಪನ್‌ಗಳಿಗೆ ಯಂತ್ರದಲ್ಲಿ ಮುದ್ರೆ ಒತ್ತಿಸಿ ಮುಗಿಸುವಷ್ಟರಲ್ಲಿ ಅವಳು ತಂದೆಯೊಂದಿಗೆ ಓಡುತ್ತ ಬಂದಳು. ಕಂಕುಳಲ್ಲಿ ಬಟರ್ ಪೇಪರಿನ ಸುರುಳಿ ಇತ್ತು. ದೋಸೆ ಪಾರ್ಸೆಲ್ ಕಟ್ಟುವ ಆ ಕಾಗದವನ್ನು ತರಲು ನಾನೇ ಹೇಳಿದ್ದೆ.

ಅವಳ ತಂದೆ ರಘುರಾಮ ಭಟ್ಟರು ಉಡುಪಿಯ ಕಡೆಯವರು. ನಿಲ್ದಾಣದ ಹತ್ತಿರವೇ ಅವರ ಸಸ್ಯಾಹಾರಿ ಹೋಟೆಲು. ಆ ಸಂಜೆ ನಮ್ಮ ಕನ್ನಡ ಶಾಲೆಯ ಮೈದಾನದಲ್ಲಿ ಊರಿನ ಕನ್ನಡಿಗರ ಸಂಘದ ನವರಾತ್ರಿ ಊಟವಿತ್ತು. ಮುನ್ನೂರು ಎಲೆ. ಅಡುಗೆ ಭಟ್ಟರದ್ದು. ಸಂಘ ಅವರಿಗೆ ಅಡುಗೆ ಒಪ್ಪಿಸಿದ್ದು ಅದೇ ಮೊದಲು. ಚೆನ್ನಾಗಿ ನಡೆದರೆ ವರ್ಷದ ಉಳಿದ ಊಟಗಳೂ ಅವರಿಗೇ ಎಂದು ಮಾತಾಗಿತ್ತು. ಅಂಥ ದಿನ ಮಗಳನ್ನು ಕಳಿಸಲು ಅವರಿಗೆ ಮನಸ್ಸಿರಲಿಲ್ಲ.

"ಟೀಚರೇ, ಐದಕ್ಕೆ ಮೊದಲು ಮುಟ್ಟಿಸಿಬಿಡಿ" ಎಂದರು. "ಅಲ್ಲ, ಮಳೆ ನೋಡ್ಲಿಕ್ಕೆ ಸಾನಪಾಡಾದವರೆಗೆ ಎಂತಕ್ಕೆ ಹೋಗ್ಬೇಕು? ಊರಿಗೆ ಅಮ್ಮನಿಗೊಂದು ಫೋನ್ ಮಾಡಿದ್ರೆ ಸಾಕಲ್ವಾ?"

ಅವರು ತಮಾಷೆ ಮಾಡಿದ್ದಲ್ಲ. ಕರಾವಳಿಯಿಂದ ಬಂದ ನಮ್ಮವರ ಮನೆಗಳಲ್ಲಿ ಜೂನ್ ತಿಂಗಳಿನ ಪದ್ಧತಿಯೇ ಅದು. ಊರಿನಿಂದ ಮಳೆ ಹಿಡಿಯಿತೆಂಬ ಸುದ್ದಿ ಬಂದರೆ ಇಲ್ಲಿ ತಾರಸಿಯ ಮೇಲಿನ ಹಪ್ಪಳ, ಸಂಡಿಗೆ ಒಳಗೆ ಬರುತ್ತವೆ, ಹೋಟೆಲಿನ ಹಿಂಬದಿಗೆ ಟಾರ್ಪಾಲು ಏರುತ್ತದೆ. ಮಳೆ ಕರಾವಳಿ ಹಿಡಿದು ಉತ್ತರಕ್ಕೆ ಹತ್ತುತ್ತದೆ, ಕೆಲವು ದಿನಗಳಲ್ಲಿ ನಮ್ಮನ್ನು ಮುಟ್ಟುತ್ತದೆ. ಜೂನ್‌ನಲ್ಲಿ ಈ ಲೆಕ್ಕ ತಪ್ಪಿದ್ದು ಕಡಿಮೆ. ಆದರೆ ನಾವು ಹೊರಟದ್ದು ಅಕ್ಟೋಬರಿನಲ್ಲಿ.

ನಿವೃತ್ತಿಯ ಮೇಲೂ ನಾನು ಒಂಬತ್ತನೆಯ ತರಗತಿಗೆ ಭೂಗೋಳ ಹೇಳುತ್ತಿದ್ದೆ. ನಮ್ಮ ಶಾಲೆಯಲ್ಲಿ ಎರಡು ಕಂಪ್ಯೂಟರುಗಳಿದ್ದವು, ಇಂಟರ್ನೆಟ್ ಇರಲಿಲ್ಲ. ಸಾನಪಾಡಾದ ಒಂದು ಶಾಲೆಯ ಜೋಶಿ ಮೇಡಂ ತಮ್ಮ ಲ್ಯಾಬನ್ನು ಒಂದು ಶನಿವಾರ ಬಿಟ್ಟುಕೊಡಲು ಒಪ್ಪಿದ್ದರು. ಹವಾಮಾನದ ಪಾಠವನ್ನು ಆಕಾಶದ ಚಿತ್ರ ನೋಡಿಯೇ ಕಲಿಸಬೇಕೆಂದು ನಾನು ಹಟ ಹಿಡಿದಿದ್ದೆ.

ಸ್ಲೋ ಲೋಕಲ್ ರೈಲು ಹಿಡಿದೆವು. ಡೊಂಬಿವಲಿಯಲ್ಲಿ ನುಗ್ಗಿದ ಜನ ನಮ್ಮ ಎರಡು ಸಾಲುಗಳನ್ನು ಒಂದು ಮುದ್ದೆ ಮಾಡಿದರು. ಮುಂಬ್ರಾ ದಾಟುವಾಗ ಒಂದು ಬದಿಗೆ ಗುಡ್ಡ, ಇನ್ನೊಂದು ಬದಿಗೆ ಸಮುದ್ರದಿಂದ ಒಳನುಗ್ಗಿದ ಖಾಡಿಯ ಕೆಸರುನೀರು. ಠಾಣೆಯಲ್ಲಿ ಇಳಿದು, ಸೇತುವೆ ಹತ್ತಿ, ವಾಶಿಯ ಗಾಡಿಗೆ ಬದಲಾಯಿಸಿದೆವು. ಅಲ್ಲಿ ಕುಳಿತುಕೊಳ್ಳಲು ಜಾಗ ಸಿಕ್ಕಿತು. ಐರೋಲಿಯಿಂದ ಮುಂದೆ ಕಾರ್ಖಾನೆಗಳ ಗೋಡೆಗಳು, ತುರ್ಭೆಯಲ್ಲಿ ಲಾರಿಗಳ ಸಾಲು. ಬಿಸಿಲು ಚುರುಗುಟ್ಟುತ್ತಿತ್ತು, ಮೋಡದ ತುಣುಕೂ ಇರಲಿಲ್ಲ. ಸಾನಪಾಡಾದಲ್ಲಿ ಇಳಿದು ಸೆಕ್ಟರುಗಳ ನೇರ ರಸ್ತೆಯಲ್ಲಿ ನಡೆದೆವು. ಎಲ್ಲ ಕಟ್ಟಡಗಳೂ ಒಂದೇ ತರಹ ಇದ್ದುದರಿಂದ ಎರಡು ಸಲ ದಾರಿ ಕೇಳಬೇಕಾಯಿತು.

ಲ್ಯಾಬಿನ ಹೊರಗೆ ಚಪ್ಪಲಿ ಬಿಡಿಸಿದರು. ಒಳಗೆ ಏಸಿಯ ತಂಪು. ನಾಲ್ಕು ಕಂಪ್ಯೂಟರುಗಳಿಗೆ ನಾಲ್ಕು ಗುಂಪು ಮಾಡಿದೆ. ನಾವು ಇರುವ ಕಡೆ ಮುಂದಿನ ಮಳೆ ಯಾವಾಗ ಎಂದು ಹೇಳಿ ಎಂಬುದು ಮೊದಲ ಕೆಲಸ. ಹತ್ತು ನಿಮಿಷ ಬಿಟ್ಟು ನೋಡಿದರೆ ಮೂರು ಪರದೆಗಳ ಮೇಲೆ ಉಡುಪಿ, ಒಂದರ ಮೇಲೆ ಮಂಗಳೂರು. ಎಲ್ಲೆಡೆ ಬಿಸಿಲಿನ ಗುರುತು. ಮಳೆಯಿಲ್ಲ ಎಂದು ನಾಲ್ಕೂ ಗುಂಪಿನವರು ಬರೆದಾಗಿತ್ತು.

ನಿಮ್ಮಲ್ಲಿ ಉಡುಪಿಯಲ್ಲಿ ಮನೆಯಿರುವವರು ಯಾರು ಎಂದು ಕೇಳಿದೆ. ಯಾರೂ ಕೈ ಎತ್ತಲಿಲ್ಲ. "ಆದ್ರೆ ಮಳೆ ಅಲ್ಲಿಂದಲೇ ಬರುದಲ್ವಾ ಟೀಚರ್?" ಎಂದಳು ವಿನಯಾ. ಜೋಶಿ ಮೇಡಂಗೆ ಮರಾಠಿಯಲ್ಲಿ ವಿವರಿಸಿದಾಗ ಅವರು ನಕ್ಕರು. ಅವರ ಶಾಲೆಯ ಮಕ್ಕಳು ತಮ್ಮ ಊರ ಕಡೆಯ ರತ್ನಾಗಿರಿಯನ್ನು ತೆರೆಯುತ್ತಾರಂತೆ.

ಆಮೇಲೆ ಉಪಗ್ರಹದ ಚಿತ್ರ ತೆರೆಸಿದೆ. ಅದು ಮೇಲಿನಿಂದ ಕೆಳಕ್ಕೆ ಅಂಗಡಿಯ ಶಟರಿನಂತೆ ನಿಧಾನ ಇಳಿಯಿತು. ಚಿತ್ರದ ಮೇಲಿನ ಸಮಯ ಇಂಗ್ಲೆಂಡಿನದು; ಅದಕ್ಕೆ ಐದೂವರೆ ಗಂಟೆ ಕೂಡಿಸಿಕೊಳ್ಳಬೇಕೆಂದು ಹೇಳಿಕೊಟ್ಟೆ. ಬಟರ್ ಪೇಪರನ್ನು ಪರದೆಯ ಮೇಲೆ ಹಿಡಿದು, ಕರಾವಳಿಯ ಗೆರೆ ಮತ್ತು ಮೋಡದ ಅಂಚನ್ನು ಸ್ಕೆಚ್ ಪೆನ್ನಿನಿಂದ ತಿದ್ದಬೇಕು. ಹಿಂದಿನ ಗಂಟೆಗಳ ಚಿತ್ರಗಳಿಗೂ ಹಾಗೆಯೇ, ಒಂದೊಂದಕ್ಕೆ ಒಂದೊಂದು ಬಣ್ಣ. ಕೊನೆಗೆ ಕಾಗದಗಳನ್ನು ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿಯಬೇಕು.

ವಿನಯಾಳ ಗುಂಪಿನಲ್ಲಿದ್ದ ಮಲ್ಲಿಕಾರ್ಜುನನ ಮನೆಯವರು ವಿಜಾಪುರದವರು, ತಂದೆ ಭಿವಂಡಿಯ ಗೋದಾಮಿನಲ್ಲಿ ಗುಮಾಸ್ತ. ಅವನು ಸ್ಕೇಲು ಇಟ್ಟು ಅಳೆದ. "ಟೀಚರ್, ಈ ಮೋಡ ನಿಂತಿಲ್ರೀ. ಅಹಮದ್‌ನಗರದ ಕಡಿಂದ ನಮ್ಮ ಕಡೀಗೇ ಹೊಂಟೈತಿ."

ಕಾಗದಗಳನ್ನು ನಾನೂ ಹಿಡಿದು ನೋಡಿದೆ. ಅಹಮದ್‌ನಗರದ ಮೇಲಿದ್ದ ಬಿಳಿ ಮುದ್ದೆ ಗಂಟೆಯಿಂದ ಗಂಟೆಗೆ ಪಶ್ಚಿಮಕ್ಕೆ ಸರಿದಿತ್ತು, ದೊಡ್ಡದೂ ಆಗಿತ್ತು. ದಕ್ಷಿಣದ ಕರಾವಳಿ ಖಾಲಿ. ಹಿಂದಿರುಗುವ ಮಳೆಗಾಲದ ಗುಡುಗುಮಳೆ ಘಟ್ಟ ಇಳಿದು ಬರುತ್ತದೆಂದು ಪುಸ್ತಕದಲ್ಲಿ ಎಷ್ಟೋ ವರ್ಷ ಓದಿಸಿದ್ದೆ. ಇಳಿಯುತ್ತಿರುವುದನ್ನು ಕಂಡದ್ದು ಅಂದೇ. ಇದೇ ವೇಗವಾದರೆ ಸಂಜೆ ಆರರ ಸುಮಾರಿಗೆ ಕಲ್ಯಾಣ ಎಂದು ವಿನಯಾ ಲೆಕ್ಕ ಹಾಕಿದಳು. ಹಾಕಿದವಳು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದಳು. ಮೈದಾನದಲ್ಲಿ ಒಲೆಗಳು ಬಯಲಿನಲ್ಲಿದ್ದವು.

ಶಾಲೆಯ ಎದುರಿನ ಬೂತಿನಿಂದ ಅವಳು ತಂದೆಗೆ ಫೋನ್ ಮಾಡಿದಳು. ಈಗಷ್ಟೇ ಊರಿಗೆ ಮಾತಾಡಿದ್ದೇನೆ, ಅಲ್ಲಿ ಒಳ್ಳೆ ಬಿಸಿಲು, ಸುಮ್ಮನೆ ತಲೆ ತಿನ್ನಬೇಡ ಎಂದು ಅವರು ಫೋನಿಟ್ಟರು. ಅವಳು ಅಳಲಿಲ್ಲ. "ನಾನು ಎದುರಿಗೆ ನಿಂತು ತೋರಿಸಿದ್ರೆ ನೋಡ್ತಾರೆ ಟೀಚರ್. ಫೋನಲ್ಲಾದ್ರೆ ಇಲ್ಲ."

ನನ್ನ ಕಾರ್ಯಕ್ರಮದಲ್ಲಿ ಊಟದ ನಂತರ ವಾಶಿಯ ಖಾಡಿ ದಂಡೆ ಇತ್ತು. ಅರ್ಧ ಮಕ್ಕಳು ಅದಕ್ಕಾಗಿಯೇ ಬಂದಿದ್ದರು. ಹಾಕಿಕೊಂಡ ಕಾರ್ಯಕ್ರಮವನ್ನು ನಾನು ಸುಲಭವಾಗಿ ಬದಲಿಸುವವಳಲ್ಲ. ಆದರೆ ಓದಲು ಕಲಿತದ್ದನ್ನು ನಂಬದಿದ್ದರೆ ಇಷ್ಟು ದೂರ ಬಂದದ್ದೇಕೆ? ಖಾಡಿ ರದ್ದು, ಊಟ ಗಾಡಿಯಲ್ಲಿ ಎಂದು ಹೇಳಿದೆ. ಗೊಣಗಾಟ ಕೇಳಿಸಿತು, ಸಾಲು ಮಾತ್ರ ಮುರಿಯಲಿಲ್ಲ.

ಹಿಂತಿರುಗುವ ದಾರಿಯಲ್ಲಿ ಚಿತ್ರಾನ್ನದ ಡಬ್ಬಿಗಳು ತೆರೆದವು. ಆಕಾಶ ಬೆಳಗ್ಗಿನಷ್ಟೇ ನೀಲಿ. "ಅರೇ ವಿನಯಾ, ತೇರಾ ಬಾದಲ್ ಕಿಧರ್ ಹೈ?" ಎಂದು ಹುಡುಗಿಯೊಬ್ಬಳು ಹಿಂದಿಯಲ್ಲಿ ಕೆಣಕಿದಳು, ನಿನ್ನ ಮೋಡ ಎಲ್ಲಿ ಎಂದು. ವಿನಯಾ ಕಾಗದದ ಸುರುಳಿಯನ್ನು ಗಟ್ಟಿಯಾಗಿ ಹಿಡಿದು ಪೂರ್ವದ ಕಿಟಕಿಯ ಬಳಿಯೇ ನಿಂತಿದ್ದಳು. ಠಾಣೆಯಲ್ಲಿ ಫಾಸ್ಟ್ ಲೋಕಲ್ ಸಿಕ್ಕಿತು. ಪಾರಸಿಕ್ ಸುರಂಗದ ಕತ್ತಲಿನಿಂದ ಹೊರಬಂದಾಗಲೂ ಬಿಸಿಲೇ.

ಮೂರೂವರೆಗೆ ಮೈದಾನ ತಲುಪಿದೆವು. ಭಟ್ಟರು ಸಾಂಬಾರಿನ ಕೊಪ್ಪರಿಗೆಯ ಮುಂದಿದ್ದರು. ವಿನಯಾ ಮುಚ್ಚಿಟ್ಟ ಪಾತ್ರೆಯೊಂದರ ಮೇಲೆ ಕಾಗದಗಳನ್ನು ಹಾಸಿದಳು. ಇದು ಹತ್ತು ಗಂಟೆ, ಇದು ಹನ್ನೊಂದು, ಇದು ಹನ್ನೆರಡು ಎಂದು ಬೆರಳಿಟ್ಟು ತೋರಿಸಿದಳು.

"ಅಪ್ಪ, ಊರಿನ ಮಳೆ ಅಲ್ಲ ಇದು. ಘಟ್ಟದ್ದು. ಅಜ್ಜಿಗೆ ಹೇಗೆ ಗೊತ್ತಾಗ್ತದೆ?"

ಭಟ್ಟರು ಆಕಾಶ ನೋಡಿದರು, ಕಾಗದ ನೋಡಿದರು, ನನ್ನನ್ನು ನೋಡಿದರು. ಲೆಕ್ಕ ಸರಿಯಿದೆ, ನಾನು ನೋಡಿದ್ದೇನೆ ಎಂದೆ. ಸೈಕಲ್ ನಿಲ್ಲಿಸುವ ತಗಡಿನ ಶೆಡ್ಡು ಖಾಲಿಯಿತ್ತು; ಒಲೆಗಳನ್ನು ಅಲ್ಲಿಗೆ ತೆಗೀರಿ ಎಂದಳು ವಿನಯಾ. ಅಲ್ಲಿ ಧಗೆ, ತಲೆ ತಾಗುತ್ತದೆ, ಒಲೆ ಸಾಗಿಸಲು ಒಂದು ಗಂಟೆ ಬೇಕು ಎಂದು ಅಡುಗೆಯವರು ಗೊಣಗಿದರು. ಭಟ್ಟರು ಕಾಗದಗಳನ್ನು ಇನ್ನೊಮ್ಮೆ ಬಿಸಿಲಿಗೆ ಹಿಡಿದರು.

"ಹೋಗ್ಲಿ, ಎತ್ತಿ" ಎಂದರು. "ಗೋಳಿಬಜೆಯ ಒಲೆ ಮಾತ್ರ ಇಲ್ಲೇ ಇರ್ಲಿ. ಎಣ್ಣೆ ಹೊಗೆ ಆ ಗೂಡಿನೊಳಗೆ ಆಗುದಿಲ್ಲ."

ಅದನ್ನೂ ಸರಿಸಿ ಎಂದಳು ವಿನಯಾ. ಅವರು ಕೇಳಲಿಲ್ಲ.

ಆರು ಗಂಟೆಯಾಯಿತು. ಮಳೆಯಿಲ್ಲ. ತಗಡಿನ ಕೆಳಗೆ ಬೆವರೊರೆಸಿಕೊಳ್ಳುತ್ತಿದ್ದ ಅಡುಗೆಯವರು ಹುಡುಗಿಯತ್ತ ಓರೆನೋಟ ಬೀರುತ್ತಿದ್ದರು. ಸಂಘದ ಹಿರಿಯರೊಬ್ಬರು ಅವಳ ಹತ್ತಿರ ಬಂದು, "ಏನಮ್ಮ, ನಿನ್ನ ಇಂಟರ್ನೆಟ್ ಮಳೆಗೆ ಲೋಕಲ್ ತಪ್ಪಿತಾ?" ಎಂದರು. ಸುತ್ತಲಿದ್ದವರು ನಕ್ಕರು. ಅವಳು ಎಲೆ ಒರೆಸುತ್ತ ಕುಳಿತಳು. ನಾನು ಮಕ್ಕಳಿಂದ ಮೈದಾನದ ಕುರ್ಚಿಗಳನ್ನು ಶಾಲೆಯ ಸಭಾಂಗಣದ ಜಗುಲಿಗೆ ಸಾಗಿಸುವುದನ್ನು ನಿಲ್ಲಿಸಲಿಲ್ಲ.

ಆರೂವರೆಯ ಹೊತ್ತಿಗೆ ಘಟ್ಟದ ದಿಕ್ಕಿನ ಮುರಬಾಡದ ಕಡೆಯಿಂದ ತಣ್ಣನೆಯ ಗಾಳಿ ನುಗ್ಗಿತು. ಧೂಳು ಎದ್ದಿತು. ಪೂರ್ವದ ಕಟ್ಟಡಗಳ ಹಿಂದೆ ಆಕಾಶ ಕಪ್ಪಗೆ ನಿಂತಿತ್ತು. ಭಟ್ಟರು ಓಡಿಹೋಗಿ ಗೋಳಿಬಜೆಯ ಗ್ಯಾಸ್ ಆರಿಸಿ, ಬಾಣಲೆಗೆ ಮುಚ್ಚಳ ಎಳೆಯುವಷ್ಟರಲ್ಲಿ ಮಳೆ ಬಿತ್ತು. ಹಿಟ್ಟಿನ ಪಾತ್ರೆ ನೋಡನೋಡುತ್ತಲೇ ತುಂಬಿ ಹರಿಯಿತು. ತಗಡಿನ ಮೇಲಿನ ಸದ್ದಿಗೆ ಯಾರ ಮಾತೂ ಕೇಳಿಸುತ್ತಿರಲಿಲ್ಲ. ಅದರಡಿಯಲ್ಲಿ ಅನ್ನ, ಸಾಂಬಾರು, ಪಾಯಸ ಒಂದು ಹನಿಯೂ ತಾಗದೆ ಉಳಿದವು.

ಎಂಟು ಗಂಟೆಗೆ ಜಗುಲಿಯಲ್ಲಿ ಮೊದಲ ಪಂಕ್ತಿ ಕುಳಿತಿತು. ಭಟ್ಟರು ತೊಯ್ದ ಪಂಚೆಯಲ್ಲೇ ಬಡಿಸುತ್ತಿದ್ದರು. ಬೆಳಿಗ್ಗೆಯಿಂದ ಆಸೆ ಇಟ್ಟುಕೊಂಡಿದ್ದೆ, ಗೋಳಿಬಜೆ ಎಲ್ಲಿ ಎಂದು ಅದೇ ಹಿರಿಯರು ಕೇಳಿದರು.

ಭಟ್ಟರು ಸೌಟು ನಿಲ್ಲಿಸಿದರು. ಸಾಲಿನ ಕೊನೆಯಲ್ಲಿ ಉಪ್ಪು ಬಡಿಸುತ್ತಿದ್ದ ಮಗಳತ್ತ ತಿರುಗಿ, ಇಡೀ ಪಂಕ್ತಿಗೆ ಕೇಳುವಂತೆ ಹೇಳಿದರು: "ಇವತ್ತು ಗೋಳಿಬಜೆ ಇಲ್ಲ. ಒಲೆ ತೆಗೀರಿ ಅಂತ ಅವಳು ಮೂರೂವರೆಗೇ ಹೇಳಿದ್ಲು. ನಾನು ತೆಗೀಲಿಲ್ಲ."